ಕಸದ ಲೆಕ್ಕ ಬಯಲು, ಸೋಂಕಿನ ಲೆಕ್ಕ ಗುಟ್ಟು

ಪುಣೆಯ ವಿಮಾನ ನಗರದ ಯಾವುದಾದರೂ ಆಸ್ಪತ್ರೆಯಿಂದ ಕಳೆದ ವರ್ಷ ಹಳದಿ ಚೀಲದಲ್ಲಿ ಎಷ್ಟು ಕಿಲೋ ತ್ಯಾಜ್ಯ ಹೊರಗೆ ಹೋಯಿತು ಎಂದು ತಿಳಿಯಬೇಕೆ? ಕಾನೂನೇ ಅದಕ್ಕೆ ದಾರಿ ಮಾಡಿಕೊಟ್ಟಿದೆ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಆಸ್ಪತ್ರೆಗಳು ಪ್ರತಿ ವರ್ಷ ಜೂನ್ 30ರೊಳಗೆ ನಮೂನೆ 4ರಲ್ಲಿ ವರದಿ ಕೊಡಬೇಕು, ಆ ವರದಿಯನ್ನು ತಮ್ಮ ವೆಬ್‌ಸೈಟಿನಲ್ಲೂ ಹಾಕಬೇಕು. ಹಳದಿ, ಕೆಂಪು, ಬಿಳಿ, ನೀಲಿ ಎಂದು ಬಣ್ಣಬಣ್ಣದ ಲೆಕ್ಕ ಅದರಲ್ಲಿರುತ್ತದೆ. ಹಾಸಿಗೆ ಬಾಡಿಗೆ ಎಷ್ಟೆಂದು ತಿಳಿಯಬೇಕೆ? ಮಹಾರಾಷ್ಟ್ರದಲ್ಲಿ 2021ರಲ್ಲಿ ತಿದ್ದುಪಡಿಯಾದ ನರ್ಸಿಂಗ್ ಹೋಮ್ ನಿಯಮಗಳು ದರಪಟ್ಟಿಯನ್ನೂ ರೋಗಿಗಳ ಹಕ್ಕುಗಳ ಸನ್ನದನ್ನೂ ಜನರ ಕಣ್ಣಿಗೆ ಬೀಳುವಂತೆ ಹಾಕಬೇಕು ಎನ್ನುತ್ತವೆ. ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯೂ ಹಾಗೇ ಹೇಳುತ್ತದೆ. ಆದರೆ ಅದೇ ಆಸ್ಪತ್ರೆಗೆ ಒಂದು ಕಾಯಿಲೆಗೆಂದು ಬಂದು, ಅಲ್ಲೇ ಇನ್ನೊಂದು ಸೋಂಕು ಅಂಟಿಸಿಕೊಂಡವರು ಎಷ್ಟು ಮಂದಿ? ಅದನ್ನು ಜನರಿಗೆ ಹೇಳಲೇಬೇಕೆಂದು ನಮ್ಮ ಯಾವ ನಿಯಮವೂ ಆಸ್ಪತ್ರೆಗೆ ಕಟ್ಟುಮಾಡಿಲ್ಲ.

ವಿಮಾನ ನಗರದಲ್ಲಿ ಐಟಿ ಕೆಲಸಕ್ಕೆಂದು ಬಂದು ನೆಲೆಸಿದ ಕನ್ನಡದ ಮನೆಗಳಿಗೆ ಇದು ದೂರದ ಮಾತಲ್ಲ. ಹುಬ್ಬಳ್ಳಿಯಲ್ಲೋ ಕಲಬುರಗಿಯಲ್ಲೋ ಇರುವ ಅಮ್ಮನಿಗೆ ಮೊಣಕಾಲು ಆಪರೇಷನ್ ಆಗಬೇಕು ಎಂದಾಗ ಮಗ ಪುಣೆಗೇ ಕರೆಸಿಕೊಳ್ಳುತ್ತಾನೆ. ಯರವಡಾದಿಂದ ಖರಾಡಿ, ವಾಘೋಲಿಯವರೆಗೆ ನಗರ್ ರೋಡಿನುದ್ದಕ್ಕೂ ಆಸ್ಪತ್ರೆಗಳಿವೆ. ಖರಾಡಿಯ ಕೊಲಂಬಿಯಾ ಏಷ್ಯಾ 2021ರಲ್ಲಿ ಮಣಿಪಾಲ್ ಆದ ಮೇಲೆ ನಮ್ಮವರ ಕಿವಿಗೆ ಪರಿಚಿತವಾದ ಹೆಸರೂ ಅಲ್ಲಿದೆ. ಮಗ ಪ್ಯಾಕೇಜ್ ದರ ಹೋಲಿಸುತ್ತಾನೆ, ಕ್ಯಾಶ್‌ಲೆಸ್ ಇದೆಯೇ ಕೇಳುತ್ತಾನೆ, ಗೂಗಲ್‌ನ ನಕ್ಷತ್ರ ಎಣಿಸುತ್ತಾನೆ, ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ ಸರ್ಜನ್ ಹೆಸರು ವಿಚಾರಿಸುತ್ತಾನೆ. ಕೃತಕ ಕೀಲಿನ ಸುತ್ತ ಕೀವು ಕಟ್ಟಿಕೊಂಡರೆ ಅಮ್ಮ ಮತ್ತೊಮ್ಮೆ, ಮಗದೊಮ್ಮೆ ಆಪರೇಷನ್ ಟೇಬಲ್ ಹತ್ತಬೇಕಾದೀತು. ಹಾಗಾಗುವ ಸಂಭವ ಯಾವ ಆಸ್ಪತ್ರೆಯಲ್ಲಿ ಎಷ್ಟು ಎಂಬುದನ್ನು ಮಾತ್ರ ಅವನು ಎಲ್ಲಿಯೂ ಹೋಲಿಸಿ ನೋಡಲಾರ.

ಆಸ್ಪತ್ರೆ ಸೋಂಕು ಎಂದರೆ ದಾಖಲಾಗುವಾಗ ಇಲ್ಲದೆ, ದಾಖಲಾಗಿ ಸಾಮಾನ್ಯವಾಗಿ ಎರಡು ದಿನ ಕಳೆದ ಮೇಲೆ ಕಾಣಿಸಿಕೊಳ್ಳುವ ಸೋಂಕು. ಮುಖ್ಯವಾಗಿ ನಾಲ್ಕು ಬಗೆ. ದೊಡ್ಡ ರಕ್ತನಾಳಕ್ಕೆ ಹಾಕಿದ ಸೆಂಟ್ರಲ್ ಲೈನ್ ಮೂಲಕ ರಕ್ತಕ್ಕೆ ಸೇರುವುದು, ಮೂತ್ರದ ಕ್ಯಾತಿಟರ್‌ನಿಂದ ಬರುವುದು, ವೆಂಟಿಲೇಟರ್ ಹಾಕಿದವರಿಗೆ ತಗಲುವ ನ್ಯುಮೋನಿಯಾ ಮತ್ತು ಆಪರೇಷನ್ ಮಾಡಿದ ಜಾಗದಲ್ಲಿ ಆಗುವ ನಂಜು. ಆಸ್ಪತ್ರೆಗಳ ಗುಣಮಟ್ಟ ನೋಡಿ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ ಎನ್‌ಎಬಿಎಚ್. ಅದರ ಮಾನ್ಯತೆ ಬೇಕೆನ್ನುವ ಆಸ್ಪತ್ರೆ ಈ ನಾಲ್ಕರ ಲೆಕ್ಕವನ್ನೂ ಇಡಲೇಬೇಕು. ಅಂದರೆ ಬಾಗಿಲಲ್ಲಿ ಆ ಲಾಂಛನ ತೂಗುಹಾಕಿದ ಆಸ್ಪತ್ರೆಯ ಒಳಗೆ ಯಾವುದೋ ಕಂಪ್ಯೂಟರಿನಲ್ಲಿ ಅಂಕಿಗಳು ಇವೆ. ಕೆಲವು ಆಸ್ಪತ್ರೆಗಳು ತಾವಾಗಿಯೇ ಒಂದಷ್ಟನ್ನು ಪ್ರಕಟಿಸುವುದೂ ಉಂಟು. ಆದರೆ ಯಾವುದನ್ನು ಹೇಳಬೇಕು, ಯಾವುದನ್ನು ಬಿಡಬೇಕು ಎಂಬುದು ಅವರವರ ಇಷ್ಟ.

ಪುಣೆಯ ಅಂಕಿಗಳೇ ಇಲ್ಲವೆಂದಲ್ಲ. 2017ರ ಮೇ 1ರಿಂದ 2018ರ ಏಪ್ರಿಲ್ 30ರವರೆಗೆ ನಗರದ 3 ದೊಡ್ಡ ಆಸ್ಪತ್ರೆಗಳ ನವಜಾತ ಶಿಶುಗಳ ಐಸಿಯುಗಳಲ್ಲಿ ಒಂದು ಅಧ್ಯಯನ ನಡೆಯಿತು. ಒಟ್ಟು 4,073 ಶಿಶುಗಳು. ಹುಟ್ಟಿ ಮೂರನೆಯ ದಿನ ಅಥವಾ ಅದರ ನಂತರ ರಕ್ತದ ಸೋಂಕು ಕಾಣಿಸಿಕೊಂಡದ್ದು 176 ಶಿಶುಗಳಲ್ಲಿ, ಅಂದರೆ ಆ ಅಪಾಯ ಎದುರಿಸುತ್ತಿದ್ದವರಲ್ಲಿ ಶೇ 5.5. ಒಟ್ಟಾರೆ ರಕ್ತದ ಸೋಂಕು ತಗುಲಿದವರಲ್ಲಿ ಶೇ 24ರಷ್ಟು ಮಕ್ಕಳು ಉಳಿಯಲಿಲ್ಲ. ತಗುಲದವರಲ್ಲಿ ಸತ್ತದ್ದು ಶೇ 7. ಇನ್ನೂ ಕಳವಳಕಾರಿಯಾದ ಮಾತೊಂದಿದೆ. ತೂಕ ಕಡಿಮೆಯಿಲ್ಲದೆ ಹುಟ್ಟಿದ ಶಿಶುಗಳಲ್ಲಿ ಈ ಅಂತರ ಶೇ 22 ಮತ್ತು ಶೇ 3. ಬದುಕಿ ಮನೆಗೆ ಹೋಗಬೇಕಾಗಿದ್ದ ಮಕ್ಕಳೂ ಕಳೆದುಹೋದರು. ವಿಜ್ಞಾನಿಗಳು ಓದುವ ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು. ಪುಣೆಯಲ್ಲಿ ಹೆರಿಗೆಗೆ ಹೆಸರು ನೋಂದಾಯಿಸುವ ಹೆಣ್ಣುಮಗಳ ಕೈಗೆ ಆ ಪತ್ರಿಕೆ ಬರುವುದಿಲ್ಲ.

ದೇಶದ ಮಟ್ಟದಲ್ಲಿಯೂ ಇದೇ ಕಥೆ. ಐಸಿಎಂಆರ್ ಮತ್ತು ದೆಹಲಿಯ ಏಮ್ಸ್ ಸೇರಿ ಕಟ್ಟಿದ ಆಸ್ಪತ್ರೆಗಳ ಜಾಲವೊಂದಿದೆ. ಅದರ 26 ಆಸ್ಪತ್ರೆಗಳ 89 ಐಸಿಯುಗಳಲ್ಲಿ 2,622 ರಕ್ತದ ಸೋಂಕುಗಳನ್ನೂ 737 ಮೂತ್ರದ ಸೋಂಕುಗಳನ್ನೂ ಎಣಿಸಿ 2022ರಲ್ಲಿ ವರದಿ ಮಾಡಲಾಯಿತು. ರಕ್ತದ ಸೋಂಕಿನಲ್ಲಿ ಮೊದಲ ಸ್ಥಾನ ಕ್ಲೆಬ್ಸಿಯೆಲ್ಲಾ ಬ್ಯಾಕ್ಟೀರಿಯಾದ್ದು. ಅದರಲ್ಲಿ ಶೇ 72ರಷ್ಟಕ್ಕೆ ಕೊನೆಯ ಅಸ್ತ್ರವೆಂದು ಇಟ್ಟುಕೊಂಡ ಕಾರ್ಬಾಪೆನೆಮ್ ಔಷಧಗಳೂ ನಾಟಲಿಲ್ಲ. ಬಹಳ ಬೆಲೆಯುಳ್ಳ ಕೆಲಸ. ಆದರೆ ಅದು ಒಟ್ಟು ಮೊತ್ತ. ಯಾವ ಆಸ್ಪತ್ರೆಯದು ಎಷ್ಟು ಎಂಬುದು ಅದರಲ್ಲಿ ಕಾಣುವುದಿಲ್ಲ.

ಹಾಗಾದರೆ ಎಲ್ಲ ಆಸ್ಪತ್ರೆಗಳ ಅಂಕಿಗಳನ್ನು ನಾಳೆಯೇ ಹೆಸರುಸಮೇತ ಗೋಡೆಗೆ ಹಚ್ಚಿಬಿಡಲಿ ಎಂದು ಹೇಳುವುದು ಸುಲಭ. ಅದಕ್ಕೆ ಮುಂಚೆ ಆ ಅಂಕಿ ಹುಟ್ಟುವ ಜಾಗಕ್ಕೆ ಹೋಗಿ ನೋಡೋಣ.

ದೊಡ್ಡ ಆಸ್ಪತ್ರೆಯಲ್ಲಿ ಸೋಂಕು ನಿಯಂತ್ರಣದ ನರ್ಸ್ ಎಂದು ಒಬ್ಬರಿರುತ್ತಾರೆ. ಪ್ರತಿದಿನ ಒಂದೇ ಹೊತ್ತಿಗೆ ಅವರು ಐಸಿಯು ಸುತ್ತಿ, ಇವತ್ತು ಎಷ್ಟು ಮಂದಿಗೆ ಸೆಂಟ್ರಲ್ ಲೈನ್ ಇದೆ ಎಂದು ಎಣಿಸಿ ಬರೆದುಕೊಳ್ಳುತ್ತಾರೆ. ನಿನ್ನೆ 7, ಇವತ್ತು 5, ನಾಳೆ 6. ಸರಾಸರಿ 6 ಎಂದಿಟ್ಟುಕೊಂಡರೆ 30 ದಿನಕ್ಕೆ 180 ಆಗುತ್ತದೆ. ಇದನ್ನು ಲೈನ್ ದಿನಗಳು ಎನ್ನೋಣ. ಆ ತಿಂಗಳಲ್ಲಿ ಒಬ್ಬರಿಗೆ ಲೈನಿನಿಂದ ರಕ್ತದ ಸೋಂಕು ತಗುಲಿದರೆ 1ನ್ನು 180ರಿಂದ ಭಾಗಿಸಿ, 1,000ದಿಂದ ಗುಣಿಸಬೇಕು. ಸಾವಿರ ಲೈನ್ ದಿನಗಳಿಗೆ 5.6. ಇನ್ನೊಬ್ಬರಿಗೆ ತಗುಲಿದರೆ ಅದೇ ಅಂಕಿ 11ಕ್ಕೆ ಜಿಗಿಯುತ್ತದೆ. ಒಬ್ಬ ರೋಗಿಯ ವ್ಯತ್ಯಾಸಕ್ಕೆ ಒಂದು ಸಣ್ಣ ಐಸಿಯುವಿನ ಪ್ರಮಾಣ ಇಮ್ಮಡಿ! ಆದ್ದರಿಂದ ಹತ್ತು ಹಾಸಿಗೆಯ ನರ್ಸಿಂಗ್ ಹೋಮಿನ ಒಂದು ತಿಂಗಳ ಅಂಕಿಯನ್ನು ಮುನ್ನೂರು ಹಾಸಿಗೆಯ ಆಸ್ಪತ್ರೆಯ ಅಂಕಿಯ ಪಕ್ಕ ಇಟ್ಟು ಇವರು ಒಳ್ಳೆಯವರು, ಅವರು ಕೆಟ್ಟವರು ಎನ್ನಲಾಗದು.

ಛೇದ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಫ್ಲಾರೆನ್ಸ್ ನೈಟಿಂಗೇಲ್ ಅವರ ಉದಾಹರಣೆಯೇ ಇದೆ. ಆಸ್ಪತ್ರೆಗಳು ಒಂದೇ ನಮೂನೆಯಲ್ಲಿ ಲೆಕ್ಕ ಇಟ್ಟು ಪ್ರಕಟಿಸಬೇಕು ಎಂದು ಮೊದಲು ಹಠ ಹಿಡಿದವರಲ್ಲಿ ಅವರೂ ಒಬ್ಬರು. 1863ರಲ್ಲಿ ಬಂದ ಅವರ ಆಸ್ಪತ್ರೆಗಳ ಕುರಿತ ಪುಸ್ತಕದಲ್ಲಿ, ಸಂಖ್ಯಾತಜ್ಞ ವಿಲಿಯಂ ಫಾರ್ ತಯಾರಿಸಿದ ಕೋಷ್ಟಕ ಲಂಡನ್ನಿನ 24 ಆಸ್ಪತ್ರೆಗಳ ಸಾವಿನ ಪ್ರಮಾಣ ಶೇ 90.84 ಎಂದು ತೋರಿಸಿತು. ಓದಿದವರು ಬೆಚ್ಚಿಬಿದ್ದರು. ಆದದ್ದಿಷ್ಟೇ: ವರ್ಷವಿಡೀ ಸತ್ತವರ ಸಂಖ್ಯೆಯನ್ನು ಒಂದೇ ಒಂದು ದಿನ ಹಾಸಿಗೆಯಲ್ಲಿದ್ದವರ ಸಂಖ್ಯೆಯಿಂದ ಭಾಗಿಸಲಾಗಿತ್ತು. ವರ್ಷದಲ್ಲಿ ದಾಖಲಾದವರನ್ನೆಲ್ಲ ಛೇದದಲ್ಲಿಟ್ಟರೆ ಅಂಕಿ ಎಷ್ಟೋ ಪಾಲು ಇಳಿಯುತ್ತದೆ. ವೈದ್ಯರು ಸಿಡಿದೆದ್ದರು, ವಾದ ಛೇದದ ಸುತ್ತಲೇ ಸುತ್ತಿತು, ಆಸ್ಪತ್ರೆಗಳ ಕೊಳಕು ಹಿಂದೆ ಸರಿಯಿತು.

ಇದಕ್ಕಿಂತ ದೊಡ್ಡ ಮೋಸ ಸೊನ್ನೆಯಲ್ಲಿದೆ. ರಕ್ತದ ಸೋಂಕು ಇದೆ ಎಂದು ಎಣಿಕೆಗೆ ಸೇರಬೇಕಾದರೆ ರಕ್ತವನ್ನು ಕಲ್ಚರ್‌ಗೆ ಕಳಿಸಬೇಕು, ಅದರಲ್ಲಿ ಬ್ಯಾಕ್ಟೀರಿಯಾ ಬೆಳೆಯಬೇಕು. ಜ್ವರ ಬಂದ ಕೂಡಲೇ ಕಲ್ಚರ್ ಕಳಿಸದೆ ಒಂದು ದುಬಾರಿ ಆಂಟಿಬಯೋಟಿಕ್ ಏರಿಸಿದರೆ ಮುಂದೆ ಏನೂ ಬೆಳೆಯದೇ ಇರಬಹುದು. ರೋಗಿಗೆ ಸೋಂಕು ಇದ್ದೇ ಇದೆ, ದಾಖಲೆಯಲ್ಲಿ ಇಲ್ಲ. ಹುಡುಕದವನಿಗೆ ಏನೂ ಸಿಗುವುದಿಲ್ಲ; ಸಿಗದವನು ಸೊನ್ನೆ ಬರೆಯುತ್ತಾನೆ.

ಆಪರೇಷನ್ ಗಾಯದ ನಂಜಿನ ವಿಷಯದಲ್ಲಂತೂ ನಮ್ಮ ಊರುಕೇರಿಯ ದಾರಿಯೇ ಲೆಕ್ಕ ತಪ್ಪಿಸುತ್ತದೆ. ಕೃತಕ ಕೀಲು ಹಾಕಿದವರನ್ನು ಸೋಂಕಿಗಾಗಿ 90 ದಿನ ಗಮನಿಸಬೇಕು ಎಂಬುದು ಈ ಎಣಿಕೆಯ ಅಂತರರಾಷ್ಟ್ರೀಯ ಪದ್ಧತಿ. ನಮ್ಮ ಕಥೆಯ ಅಮ್ಮ ಐದಾರು ದಿನಕ್ಕೆ ಡಿಸ್ಚಾರ್ಜ್ ಆಗಿ, ಹೊಲಿಗೆ ಬಿಚ್ಚಿಸಿಕೊಂಡು ರೈಲು ಹತ್ತಿ ಹುಬ್ಬಳ್ಳಿ ಸೇರುತ್ತಾರೆ. ಒಂದು ತಿಂಗಳ ಮೇಲೆ ಮೊಣಕಾಲು ಕೆಂಪಗಾಗಿ ಊದಿಕೊಳ್ಳುತ್ತದೆ. ಓಣಿಯ ಡಾಕ್ಟರು ಮಾತ್ರೆ ಬರೆದುಕೊಡುತ್ತಾರೆ, ಆಮೇಲೆ ಅಲ್ಲಿಯ ಸರ್ಕಾರಿ ಆಸ್ಪತ್ರೆಗೋ ಖಾಸಗಿ ಆಸ್ಪತ್ರೆಗೋ ಕಳಿಸುತ್ತಾರೆ. ಪುಣೆಯ ಆಸ್ಪತ್ರೆಯವರು ಅಷ್ಟರೊಳಗೆ ಫೋನ್ ಮಾಡಿ ವಿಚಾರಿಸದಿದ್ದರೆ ಅವರ ರಿಜಿಸ್ಟರಿನಲ್ಲಿ ಅಮ್ಮ ಗುಣವಾಗಿ ಮನೆಗೆ ಹೋದವರೇ. ಯಾರೂ ಸುಳ್ಳು ಬರೆಯಲಿಲ್ಲ, ಆದರೂ ಲೆಕ್ಕ ಸುಳ್ಳಾಯಿತು.

ಇಷ್ಟೆಲ್ಲ ತೊಡಕಿದ್ದರೂ ಹೆಸರು ಹೇಳಿ ಲೆಕ್ಕ ಪ್ರಕಟಿಸಿದ ನಾಡುಗಳಿವೆ. ಇಂಗ್ಲೆಂಡ್ 2001ರಿಂದ ಎಂಆರ್‌ಎಸ್‌ಎ ಎಂಬ ಮೊಂಡು ಬ್ಯಾಕ್ಟೀರಿಯಾದ ರಕ್ತದ ಸೋಂಕನ್ನು ಎಣಿಸುವುದು ಕಡ್ಡಾಯ ಮಾಡಿತು, ಸರ್ಕಾರಿ ಆಸ್ಪತ್ರೆಗಳ ಸಮೂಹಗಳ ಹೆಸರಿನೊಂದಿಗೇ ಅಂಕಿಗಳನ್ನು ಹೊರಡಿಸಿತು. 2004ರಲ್ಲಿ, ನಾಲ್ಕು ವರ್ಷದಲ್ಲಿ ಇದನ್ನು ಅರ್ಧಕ್ಕೆ ಇಳಿಸಬೇಕೆಂಬ ಗುರಿ ಇಟ್ಟಿತು. ಅದು ಈಡೇರಿತು. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯ 2006ರ ನವೆಂಬರಿನಲ್ಲಿ 168 ಆಸ್ಪತ್ರೆಗಳ ಲೆಕ್ಕವನ್ನು ಒಂದೊಂದಾಗಿ ಹೊರಗಿಟ್ಟಿತು: ಹಿಂದಿನ ಒಂದು ವರ್ಷದಲ್ಲಿ 19,154 ಸೋಂಕುಗಳು. ಆಸ್ಪತ್ರೆಗಳು ಗೊಣಗಿದವು, ಆದರೆ ಬಾಗಿಲು ಮುಚ್ಚಲಿಲ್ಲ.

ಅದೇ ವರ್ಷದ ಕೊನೆಗೆ ಮಿಶಿಗನ್ ರಾಜ್ಯದಿಂದ ಇನ್ನೊಂದು ಪಾಠ ಬಂತು. ಅಲ್ಲಿ 103 ಐಸಿಯುಗಳು ಸೆಂಟ್ರಲ್ ಲೈನ್ ಹಾಕುವಾಗ ಐದು ಕೆಲಸಗಳನ್ನು ತಪ್ಪದೆ ಮಾಡತೊಡಗಿದ್ದವು. ಕೈ ತೊಳೆಯುವುದು, ರೋಗಿಯನ್ನು ಪೂರ್ತಿ ಮುಚ್ಚಿ ಗೌನು ಗ್ಲೌಸು ಹಾಕಿಕೊಳ್ಳುವುದು, ಚರ್ಮವನ್ನು ಕ್ಲೋರ್‌ಹೆಕ್ಸಿಡಿನ್‌ನಿಂದ ಒರೆಸುವುದು, ಸಾಧ್ಯವಾದಷ್ಟೂ ತೊಡೆಸಂದಿಯ ರಕ್ತನಾಳವನ್ನು ಬಿಡುವುದು, ಬೇಡವಾದ ಲೈನನ್ನು ಕೂಡಲೇ ತೆಗೆಯುವುದು. ಸೋಂಕಿನ ಸರಾಸರಿ ಪ್ರಮಾಣ ಸಾವಿರ ದಿನಕ್ಕೆ 7.7ರಿಂದ ಒಂದೂವರೆ ವರ್ಷದಲ್ಲಿ 1.4ಕ್ಕೆ ಇಳಿಯಿತು. ಅಲ್ಲಿ ಯಾರನ್ನೂ ಪತ್ರಿಕೆಯಲ್ಲಿ ಹೆಸರಿಸಿ ನಾಚಿಸಿರಲಿಲ್ಲ. ಪ್ರತಿ ಐಸಿಯುವಿನ ಸಿಬ್ಬಂದಿಗೆ ಅವರದೇ ಅಂಕಿಯನ್ನು ಆಗಾಗ ತೋರಿಸಲಾಗುತ್ತಿತ್ತು, ವೈದ್ಯರು ಹೆಜ್ಜೆ ತಪ್ಪಿದರೆ ತಡೆಯುವ ಅಧಿಕಾರವನ್ನು ನರ್ಸ್‌ಗಳಿಗೆ ಕೊಡಲಾಗಿತ್ತು. ಅಂಕಿಗೆ ಮೊದಲ ಓದುಗರು ಹಾಸಿಗೆಯ ಪಕ್ಕದಲ್ಲಿ ನಿಂತವರು ಎಂಬುದನ್ನು ಇದು ತೋರಿಸಿತು. ಆಮೇಲೆ ಊರು ಓದಬೇಕು. ಊರು ಓದುತ್ತದೆ ಎಂದು ಗೊತ್ತಿದ್ದರೆ ಆಡಳಿತ ಮಂಡಳಿ ಇನ್ನೊಬ್ಬ ನರ್ಸ್‌ಗೆ ಸಂಬಳ ಕೊಡಲು ಹಿಂಜರಿಯುವುದಿಲ್ಲ.

ಇಂಥ ಲೆಕ್ಕವನ್ನು ಹೊರಗಿಡಲು ನಮಗಿರುವ ಹಿಂಜರಿಕೆಗೂ ಒಂದು ಇತಿಹಾಸವಿದೆ. ದೆಹಲಿಯಲ್ಲಿ ಚಿಕಿತ್ಸೆ ಪಡೆದಿದ್ದ ಭಾರತ ಮೂಲದ ಸ್ವೀಡನ್ ನಿವಾಸಿಯೊಬ್ಬರಲ್ಲಿ 2008ರಲ್ಲಿ ಹೊಸ ಬಗೆಯ ಔಷಧ ನಿರೋಧಕ ಕಿಣ್ವ ಪತ್ತೆಯಾಯಿತು. ಅದಕ್ಕೆ ದೆಹಲಿಯ ಹೆಸರೇ ಬಿತ್ತು: ಎನ್‌ಡಿಎಂ-1. 2010ರ ಆಗಸ್ಟಿನಲ್ಲಿ ಭಾರತ, ಪಾಕಿಸ್ತಾನ, ಬ್ರಿಟನ್ನುಗಳಲ್ಲಿ ಅದರ ಹರಡುವಿಕೆಯ ವರದಿ ಬಂದಾಗ ಸಂಸತ್ತಿನಲ್ಲಿ ಗದ್ದಲವಾಯಿತು. ನಮ್ಮ ವೈದ್ಯಕೀಯ ಪ್ರವಾಸೋದ್ಯಮವನ್ನು ಹಾಳುಮಾಡುವ ಸಂಚು ಎಂಬ ಮಾತು ಎದ್ದಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, ಕಿಣ್ವಕ್ಕಿಂತ ಅದರ ಹೆಸರಿನ ಮೇಲೇ ನಮ್ಮ ಸಿಟ್ಟು ಖರ್ಚಾಯಿತು.

ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆಯ ಪ್ರಕರಣವೂ ನೆನಪಿರಬೇಕು. 2019ರ ಜುಲೈ 9ರಂದು ಅಲ್ಲಿ 24 ಮಂದಿಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು. ಸೋಂಕು ತಗುಲಿ ಹತ್ತರಷ್ಟು ಮಂದಿ ದೃಷ್ಟಿ ಕಳೆದುಕೊಂಡರು. ಆಪರೇಷನ್‌ನಲ್ಲಿ ಬಳಸಿದ ಜೆಲ್ ಮೇಲೆ ಅನುಮಾನ ಬಿತ್ತು. ನವೆಂಬರಿನಲ್ಲಿ ಪರಿಹಾರಕ್ಕಾಗಿ ಪ್ರತಿಭಟನೆ ನಡೆದಾಗ ಕಿರಿಯ ವೈದ್ಯರೊಂದಿಗೆ ಜಟಾಪಟಿಯಾಗಿ, ಅದು ಕನ್ನಡ ಮಾತಾಡುವ ವಿವಾದವಾಗಿ, ವೈದ್ಯರ ಮುಷ್ಕರವಾಗಿ ಬೆಳೆಯಿತು. ಕಣ್ಣು ಕಳೆದುಕೊಂಡವರ ಸುದ್ದಿ ಅದರಡಿ ಹೂತುಹೋಯಿತು. ಒಟ್ಟಿಗೆ ಹತ್ತು ಮಂದಿ ಬಿದ್ದರೆ ನಮ್ಮಲ್ಲಿ ಅದು ಸುದ್ದಿ. ವರ್ಷವಿಡೀ ಒಬ್ಬೊಬ್ಬರಾಗಿ ಬಿದ್ದರೆ ಅವರವರ ಹಣೆಬರಹ. ಆಸ್ಪತ್ರೆ ಸೋಂಕು ಹೆಚ್ಚಾಗಿ ಎರಡನೆಯ ಬಗೆಯದು. ಅದನ್ನು ಕಾಣಿಸಬಲ್ಲದ್ದು ನಿತ್ಯದ ಎಣಿಕೆಯೊಂದೇ.

ಎಣಿಸಿದರೆ ಏನಾಗುತ್ತದೆ ಎಂಬುದಕ್ಕೆ ಕರ್ನಾಟಕದಲ್ಲೇ ಉದಾಹರಣೆ ಇದೆ. 2024ರ ನವೆಂಬರಿನಲ್ಲಿ ಬಳ್ಳಾರಿ ಜಿಲ್ಲಾಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರಂತೆ ಅಸ್ವಸ್ಥರಾದರು, ಐವರು ತೀರಿಕೊಂಡರು. ಅವರಿಗೆ ಡ್ರಿಪ್‌ನಲ್ಲಿ ಏರಿಸಿದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಸಂಶಯ ಹುಟ್ಟಿತು. ಸರ್ಕಾರ ಬಳ್ಳಾರಿಗಷ್ಟೇ ನಿಲ್ಲದೆ ಆ ವರ್ಷದ ಏಪ್ರಿಲ್‌ನಿಂದ ಡಿಸೆಂಬರ್‌ವರೆಗಿನ 464 ತಾಯಂದಿರ ಸಾವುಗಳನ್ನು ಒಂದೊಂದಾಗಿ ಪರಿಶೀಲಿಸಿ, ಶೇ 70ಕ್ಕೂ ಹೆಚ್ಚನ್ನು ತಡೆಯಬಹುದಿತ್ತು ಎಂದು 2025ರಲ್ಲಿ ಬಹಿರಂಗವಾಗಿ ಒಪ್ಪಿಕೊಂಡಿತು. ಇದು ಸಾಧ್ಯವಾದದ್ದು ತಾಯಿಯ ಸಾವನ್ನು ವರದಿ ಮಾಡಲೇಬೇಕು ಎಂಬ ಕಟ್ಟಳೆ ಮೊದಲಿಂದ ಇದ್ದುದರಿಂದ. ಆ ಪರಿಶೀಲನೆಯ ಹಿಂದಿನ ತತ್ವವೂ ಗಮನಿಸುವಂಥದು: ವ್ಯಕ್ತಿಯ ಹೆಸರು ಹಿಡಿದು ದೂಷಿಸಬೇಡಿ, ಕಾರಣ ಹುಡುಕಿ. ತಾಯಿಯ ಸಾವಿಗೆ ಸಲ್ಲುವ ಈ ಪದ್ಧತಿ ಐಸಿಯು ಸೋಂಕಿಗೆ ಏಕೆ ಸಲ್ಲಬಾರದು?

ನ್ಯೂಯಾರ್ಕ್ ರಾಜ್ಯ ತುಳಿದ ದಾರಿ ನಮಗೆ ಹೊಂದುತ್ತದೆ. 2005ರಲ್ಲಿ ಕಾನೂನು ಮಾಡಿದ ಅದು 2007ರ ಇಡೀ ವರ್ಷವನ್ನು ಅಭ್ಯಾಸಕ್ಕೆಂದು ಬಿಟ್ಟಿತು. ಎಲ್ಲ ಆಸ್ಪತ್ರೆಗಳೂ ವರದಿ ಕೊಟ್ಟವು, ಹೆಸರು ಮಾತ್ರ ಹೊರಬರಲಿಲ್ಲ. ಸರ್ಕಾರದ ತಂಡಗಳು ಹೋಗಿ ರೋಗಿಗಳ ದಾಖಲೆ ತೆರೆದು ಎಣಿಕೆಯನ್ನು ತಾಳೆ ನೋಡಿದವು. 2008ರ ಅಂಕಿಗಳಿಂದ ಮುಂದಕ್ಕೆ ಹೆಸರು ಬಂತು. ಮಹಾರಾಷ್ಟ್ರವಾಗಲಿ ಕರ್ನಾಟಕವಾಗಲಿ ನೂರು ಹಾಸಿಗೆಗಿಂತ ದೊಡ್ಡ ಆಸ್ಪತ್ರೆಗಳಿಂದ, ಒಂದೆರಡು ಬಗೆಯ ಸೋಂಕಿನಿಂದ ಇದನ್ನು ಆರಂಭಿಸಬಹುದು. ಅಂಕಿಯ ಜೊತೆ ಎಷ್ಟು ಕಲ್ಚರ್ ಕಳಿಸಿದರು, ಡಿಸ್ಚಾರ್ಜ್ ಆದ ಎಷ್ಟು ಮಂದಿಯನ್ನು ಫೋನ್ ಮಾಡಿ ವಿಚಾರಿಸಿದರು ಎಂಬುದನ್ನೂ ಕೇಳಬೇಕು. ಆಗ ಹುಡುಕದೆ ಬಂದ ಸೊನ್ನೆ ತಾನಾಗಿ ಬಯಲಾಗುತ್ತದೆ. ಹಣದ ಹಗ್ಗವೂ ಸರ್ಕಾರದ ಕೈಯಲ್ಲೇ ಇದೆ. ಎನ್‌ಎಬಿಎಚ್ ಮಾನ್ಯತೆ ಇದ್ದ ಆಸ್ಪತ್ರೆಗೆ ಆಯುಷ್ಮಾನ್ ಭಾರತ್ ಹೆಚ್ಚಿನ ದರ ಕೊಡುತ್ತದೆ. ಆ ಹೆಚ್ಚುವರಿಗೆ ಬದಲಾಗಿ ಲೆಕ್ಕ ಪ್ರಕಟಿಸಿ ಎನ್ನಬಹುದು. ಅಮೆರಿಕದ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇರ್ 2008ರ ಅಕ್ಟೋಬರಿನಿಂದ ಕ್ಯಾತಿಟರ್‌ನಿಂದ ಬಂದ ಮೂತ್ರದ ಸೋಂಕಿನಂಥ ಕೆಲವಕ್ಕೆ ಹೆಚ್ಚುವರಿ ಹಣ ಕೊಡುವುದನ್ನೇ ನಿಲ್ಲಿಸಿತು. ನಮ್ಮಲ್ಲಿ ಆಸ್ಪತ್ರೆಯಲ್ಲಿ ಅಂಟಿದ ಸೋಂಕಿನ ಹೆಚ್ಚುವರಿ ಐಸಿಯು ದಿನಗಳೂ ದುಬಾರಿ ಇಂಜೆಕ್ಷನ್‌ಗಳೂ ರೋಗಿಯ ಬಿಲ್ಲಿಗೇ ಸೇರುತ್ತವೆ.

ಕಾನೂನು ಬರುವವರೆಗೆ ಕೈಕಟ್ಟಿ ಕೂರಬೇಕಿಲ್ಲ. ಪುಣೆಯ ಸಸೂನ್‌ನಂಥ ಸರ್ಕಾರಿ ಆಸ್ಪತ್ರೆಯಾದರೆ ಸೋಂಕು ನಿಯಂತ್ರಣ ಸಮಿತಿಯ ನಡಾವಳಿಯನ್ನು ಮಾಹಿತಿ ಹಕ್ಕಿನಲ್ಲಿ ಕೇಳಬಹುದು. ಖಾಸಗಿ ಆಸ್ಪತ್ರೆಯಾದರೆ ಅಡ್ಮಿಷನ್ ಫಾರಂ ತುಂಬುವ ಮೊದಲು ಸರ್ಜನ್‌ನನ್ನೇ ಕೇಳಿ: ಡಾಕ್ಟ್ರೇ, ಕಳೆದ ವರ್ಷ ಇಲ್ಲಿ ಎಷ್ಟು ಮೊಣಕಾಲು ಆಪರೇಷನ್ ಆಯಿತು, ಅದರಲ್ಲಿ ಎಷ್ಟಕ್ಕೆ ನಂಜಾಯಿತು, ಎಷ್ಟು ದಿನದವರೆಗೆ ವಿಚಾರಿಸುತ್ತೀರಿ? ಸೋಂಕು ನಿಯಂತ್ರಣಕ್ಕೆ ಅದೇ ಕೆಲಸದ ನರ್ಸ್ ಇದ್ದಾರೆಯೇ? ಐಸಿಯುವಿನಲ್ಲಿದ್ದರೆ, ಈ ಕ್ಯಾತಿಟರ್ ಇವತ್ತೂ ಬೇಕೇ ಎಂದು ದಿನಾ ಕೇಳಿ. ನೋಡಲು ಬಂದ ನೆಂಟರಿಗೂ ಕೈಗೆ ಸ್ಯಾನಿಟೈಸರ್ ಹಚ್ಚಿಸಿ. ಊರಿಗೆ ಮರಳಿದ ಮೇಲೆ ಗಾಯ ಕೆಂಪಾದರೆ ಅಲ್ಲಿಯ ಡಾಕ್ಟರಿಗೆ ತೋರಿಸುವುದರ ಜೊತೆ ಆಪರೇಷನ್ ಮಾಡಿದ ಆಸ್ಪತ್ರೆಗೂ ಬರೆದು ತಿಳಿಸಿ; ಅವರ ಲೆಕ್ಕ ನಿಜವಾಗುವುದು ಅದರಿಂದಲೇ.

ಉತ್ತರ ಬಂದಾಗ ಅದನ್ನು ತೂಗುವ ಬಗೆಯನ್ನೂ ಕಲಿಯಬೇಕು. "ನಮ್ಮಲ್ಲಿ ಇನ್‌ಫೆಕ್ಷನ್ನೇ ಆಗುವುದಿಲ್ಲ" ಎಂದು ನಗುವವರ ಹತ್ತಿರ ಇನ್ನೊಂದು ಪ್ರಶ್ನೆ ಕೇಳಿ. "ನೂರ ನಲವತ್ತರಲ್ಲಿ ಇಬ್ಬರಿಗೆ ಆಯಿತು, ಕಾರಣ ಇದು, ಆಮೇಲೆ ಹೀಗೆ ಬದಲಿಸಿದೆವು" ಎನ್ನುವವರು ಸಿಕ್ಕರೆ ಅಮ್ಮನನ್ನು ಅಲ್ಲಿ ಸೇರಿಸಿ. ಜನ ಹಾಗೆ ಆರಿಸಿಕೊಳ್ಳುತ್ತಾರೆ ಎಂದು ಗೊತ್ತಾದ ದಿನ, ನಿಜ ಹೇಳಿದರೆ ವ್ಯಾಪಾರ ಕೆಡುತ್ತದೆ ಎಂಬ ಭಯ ಆಸ್ಪತ್ರೆಗಳಿಗೂ ಇರುವುದಿಲ್ಲ.